ದೊಡ್ಡಪ್ಪನ ಜಪಾನ್ ಹಡಗು

ನಮ್ಮ ಮನೆಯಲ್ಲಿ ಅದಕ್ಕೆ 'ಜಪಾನ್ ಹಡಗಿನ ಕಥೆ' ಅಂತಲೇ ಹೆಸರು.

ದೊಡ್ಡಪ್ಪ ಹೇಳುತ್ತಿದ್ದ ಕಥೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಉಡುಪಿ ಕಡೆಯ ಹಳ್ಳಿ ಬಿಟ್ಟು ಬೊಂಬಾಯಿ ಸೇರಿದವರು ಅವರು. ಮಸ್ಜಿದ್ ಬಂದರಿನ ಒಂದು ಸಣ್ಣ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಅಲ್ಲೇ ಊಟ, ಅಲ್ಲೇ ಬೆಂಚಿನ ಮೇಲೆ ನಿದ್ದೆ. ರಜೆಗೆ ಊರಿಗೆ ಬಂದಾಗ ಚಾವಡಿಯಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಶುರು ಮಾಡುತ್ತಿದ್ದರು. "ಜಪಾನಿನವರ ಹಡಗು ಮಾರಾಯ. ಹೊಟ್ಟೆ ತುಂಬ ಬಾಂಬು. ಗೋದಿಯೊಳಗೆ ಬಂದು ಸಿಡಿಯಿತು. ಆಕಾಶದಿಂದ ಬೆಂಕಿ ಬಿತ್ತು, ಕಬ್ಬಿಣ ಬಿತ್ತು, ಚಿನ್ನವೂ ಬಿತ್ತು!"

ಚಿನ್ನ ಬಿತ್ತು ಅಂದಾಗ ನಾವು ಮಕ್ಕಳು ನಗುತ್ತಿದ್ದೆವು. ದೊಡ್ಡಪ್ಪ ಉಪ್ಪು ಖಾರ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ ಅಂತ ನಮ್ಮ ಲೆಕ್ಕ.

ನಾನೂ ಮುಂದೆ ಬಿಕಾಂ ಮುಗಿಸಿ ಬ್ಯಾಂಕ್ ಕೆಲಸ ಹಿಡಿದು ಇದೇ ಊರಿಗೆ ಬಂದೆ. ಮೂವತ್ತು ವರ್ಷದ ಮೇಲಾಯಿತು, ಸಾಂತಾಕ್ರೂಜ್ ಪೂರ್ವದಲ್ಲೇ ಸಂಸಾರ. ಇಲ್ಲಿಗೆ ಬಂದು ಸುಮಾರು ವರ್ಷ ಕಳೆದ ಮೇಲೆ ಆ ಕಥೆಯ ಬೆನ್ನು ಹತ್ತಿ ಓದಿದೆ. ಓದಿದಾಗ ಗೊತ್ತಾದದ್ದು ಇಷ್ಟು: ದೊಡ್ಡಪ್ಪ ಹೇಳಿದ್ದರಲ್ಲಿ ಚಿನ್ನ ನಿಜ, ಕಬ್ಬಿಣ ನಿಜ, ಬೆಂಕಿ ನಿಜ. ಸುಳ್ಳು ಒಂದೇ. ಹಡಗು ಜಪಾನಿನದ್ದಲ್ಲ!

ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. 1942ರಲ್ಲಿ ಕೆನಡಾದ ಪ್ರಿನ್ಸ್ ರೂಪರ್ಟ್ ಎಂಬಲ್ಲಿ ಕಟ್ಟಿದ, 7,142 ಟನ್ನಿನ ಸಾಮಾನು ಸಾಗಣೆ ಹಡಗು. ಬ್ರಿಟಿಷರ ಯುದ್ಧ ಸೇವೆಯಲ್ಲಿತ್ತು. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ ಬಿಟ್ಟು, ಜಿಬ್ರಾಲ್ಟರ್, ಪೋರ್ಟ್ ಸೈದ್, ಕರಾಚಿ ಮಾರ್ಗವಾಗಿ ಏಪ್ರಿಲ್ 12ಕ್ಕೆ ಮುಂಬೈಗೆ ಬಂತು. ಹೊಟ್ಟೆಯಲ್ಲಿ 1,395 ಟನ್ ಸ್ಫೋಟಕ ಮತ್ತು ಮದ್ದುಗುಂಡು. ಅದರಲ್ಲಿ 238 ಟನ್ ತೀರಾ ಸೂಕ್ಷ್ಮ ಜಾತಿಯದ್ದು. ಜೊತೆಗೆ ಯುದ್ಧ ವಿಮಾನಗಳು. ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ಎಣ್ಣೆ ಪೀಪಾಯಿಗಳನ್ನೂ ಹೇರಿದರು. ಹತ್ತಿಯ ಮೇಲೆ ಮದ್ದುಗುಂಡು! ಅಡುಗೆ ಮನೆಯಲ್ಲಿ ಸೀಮೆಎಣ್ಣೆ ಡಬ್ಬದ ಪಕ್ಕ ಬೆಂಕಿಪೊಟ್ಟಣ ಇಟ್ಟರೆ ನಮ್ಮ ಅಮ್ಮ ಬಯ್ಯುತ್ತಿದ್ದಳು. ಆದರೆ ಯುದ್ಧ ನೋಡಿ, ಹಡಗಿಗೆ ಜಾಗ ಸಿಕ್ಕಿದರೆ ಸಾಕು ಅನ್ನುವ ಕಾಲ. ಊರಾಚೆ ನಿಲ್ಲಿಸಬೇಕಾದದ್ದನ್ನು ಊರಿನ ಮಗ್ಗುಲಿಗೇ, ವಿಕ್ಟೋರಿಯಾ ಡಾಕ್ ಒಳಗೇ ತಂದು ಕಟ್ಟಿದರು. ಅಪಾಯದ ಸರಕಿದೆ ಎಂದು ತೋರಿಸುವ ಕೆಂಪು ಬಾವುಟವನ್ನೂ ಹಾರಿಸಲಿಲ್ಲ.

ಏಪ್ರಿಲ್ 14, ಶುಕ್ರವಾರ. ಮಧ್ಯಾಹ್ನ ಎರಡರ ಹೊತ್ತಿಗೆ ಎರಡನೇ ನಂಬರಿನ ಹೋಲ್ಡಿನಲ್ಲಿ ಬೆಂಕಿ ಕಂಡಿತು. ಸುಮಾರು 900 ಟನ್ ನೀರು ಸುರಿದರೂ ಬೆಂಕಿಯ ಮೂಲ ಸಿಗಲಿಲ್ಲ, ಅಷ್ಟು ಹೊಗೆ. ಹಡಗಿನೊಳಗೆ ನೀರು ಕುದಿಯತೊಡಗಿತು. 3.50ಕ್ಕೆ ಹಡಗು ಬಿಡಿ ಎಂಬ ಆಜ್ಞೆ ಬಂತು. ಹದಿನಾರು ನಿಮಿಷದ ಮೇಲೆ, 4.06ಕ್ಕೆ ಮೊದಲನೇ ಸ್ಫೋಟ. ಹಡಗು ಎರಡು ತುಂಡು. ಹನ್ನೆರಡು ಕಿಲೋಮೀಟರ್ ದೂರದ ಕಿಟಕಿ ಗಾಜುಗಳು ಒಡೆದವು. 1,700 ಕಿಲೋಮೀಟರ್ ದೂರದ ಶಿಮ್ಲಾದಲ್ಲಿದ್ದ ಭೂಕಂಪ ಮಾಪಕದಲ್ಲೂ ಗೀಟು ಬಿತ್ತು. ಅರ್ಧ ಗಂಟೆಯ ಆಸುಪಾಸಿನಲ್ಲಿ ಎರಡನೇ ಸ್ಫೋಟ. ಪಕ್ಕದಲ್ಲಿದ್ದ ಸುಮಾರು ನಾಲ್ಕು ಸಾವಿರ ಟನ್ನಿನ 'ಜಲಪದ್ಮ' ಎಂಬ ಹಡಗು ನೀರಿನಿಂದೆದ್ದು ದಕ್ಕೆಯ ಮೇಲೆ ಬಂದು ಬಿತ್ತು. ಅಕ್ಕಪಕ್ಕದ ಹನ್ನೊಂದು ಹಡಗುಗಳು ಮುಳುಗಿದವು, ಇಲ್ಲವೇ ಮುಳುಗುವ ಸ್ಥಿತಿಗೆ ಬಂದವು. ಉರಿಯುವ ಹತ್ತಿ ಗಾಳಿಯಲ್ಲಿ ಹಾರಿ ಮಾಡಿನಿಂದ ಮಾಡಿಗೆ ಬೆಂಕಿ ಹಚ್ಚಿತು. ಅದನ್ನು ಹಿಡಿತಕ್ಕೆ ತರಲು ಮೂರು ದಿನ ಬೇಕಾಯಿತು. ಡಾಕ್ ಮತ್ತೆ ಸರಿಯಾಗಲು ಎಂಟು ಸಾವಿರ ಜನ ಏಳು ತಿಂಗಳು ದುಡಿದು ಸುಮಾರು ಐದು ಲಕ್ಷ ಟನ್ ಅವಶೇಷ ಎತ್ತಬೇಕಾಯಿತು.

ಇಷ್ಟು ಆದದ್ದು ಶತ್ರುವಿನ ಕೈಯಿಂದಲ್ಲ, ನಮ್ಮನ್ನಾಳುವವರ ಬೇಜವಾಬ್ದಾರಿಯಿಂದ. ಹಾಗಾದರೆ ದೊಡ್ಡಪ್ಪನ ತಲೆಯಲ್ಲಿ ಜಪಾನ್ ಬಂದು ಕೂತದ್ದು ಹೇಗೆ?

ಆ ದಿನಗಳನ್ನು ಸ್ವಲ್ಪ ನೆನೆಯಿರಿ. 1942ರ ಏಪ್ರಿಲ್‌ನಲ್ಲಿ ಜಪಾನಿನವರು ವಿಶಾಖಪಟ್ಟಣ, ಕಾಕಿನಾಡಗಳಿಗೆ ಬಾಂಬು ಹಾಕಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಗೆ. 1944ರ ಏಪ್ರಿಲ್‌ನಲ್ಲಂತೂ ಅವರು ಇಂಫಾಲ, ಕೊಹಿಮಾದ ಬಾಗಿಲಿಗೇ ಬಂದು ನಿಂತಿದ್ದರು. ನಮ್ಮ ಸಾಂತಾಕ್ರೂಜ್ ವಿಮಾನ ನಿಲ್ದಾಣವೂ ಆಗ ರಾಯಲ್ ಏರ್‌ಫೋರ್ಸಿನ ನೆಲೆ. ಹೀಗಿರುವಾಗ ಆಕಾಶದಿಂದ ಬೆಂಕಿ ಬಿದ್ದರೆ ಜನ ಇನ್ನೇನು ಅಂದುಕೊಂಡಾರು? ಜಪಾನಿನವನು ಬಂದ ಅಂದುಕೊಂಡರು. ಅದು ಸಹಜ.

ಸಹಜವಲ್ಲದ್ದು ಮುಂದಿನದ್ದು. ಸರ್ಕಾರ ಸುದ್ದಿಗೆ ಬೀಗ ಹಾಕಿತು. ಬೆಂಕಿಯನ್ನು ಚಿತ್ರೀಕರಿಸಿದ ಛಾಯಾಗ್ರಾಹಕ ಸುಧೀಶ್ ಘಟಕ್ ಅವರ ಫಿಲ್ಮನ್ನು ಮಿಲಿಟರಿಯವರು ಕಿತ್ತುಕೊಂಡರು. ವರದಿಗಾರರಿಗೆ ಹೊರಗೆ ವಿವರ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅಂದರೆ ಸುಮಾರು ನಾಲ್ಕು ವಾರ ಬಿಟ್ಟು. ಆದರೆ ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಏಪ್ರಿಲ್ 15ರಂದೇ, ಅಂದರೆ ಮಾರನೇ ದಿನವೇ, ಈ ಸ್ಫೋಟದ ವಿವರವಾದ ಸುದ್ದಿ ಬಿತ್ತರಿಸಿತ್ತು!

ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಯುದ್ಧಕಾಲ ಸ್ವಾಮೀ, ಗುಟ್ಟು ಕಾಯುವುದು ಬೇಡವೇ ಅಂತ ನೀವು ಕೇಳಬಹುದು. ಖಂಡಿತ ಬೇಕು. ಗುಟ್ಟು ಕಾಯುವುದು ಶತ್ರುವಿನಿಂದ ತಾನೇ? ಇಲ್ಲಿ ಶತ್ರುವಿಗೆ ಮಾರನೇ ದಿನವೇ ಗೊತ್ತು. ಗೊತ್ತಿಲ್ಲದವರು ಯಾರು? ಮನೆ ಸುಟ್ಟುಕೊಂಡವರು, ಮಗನನ್ನು ಹುಡುಕುತ್ತಿದ್ದವರು, ಕೆಲಸ ಕಳೆದುಕೊಂಡವರು. ಇಂಥ ಗುಟ್ಟಿನಿಂದ ಉಳಿಯುವುದು ದೇಶದ ಮಾನವಲ್ಲ, ತಪ್ಪು ಮಾಡಿದವರ ಮಾನ. ನಿಜ ಹೇಳಬೇಕಾದ ಹೊತ್ತಿಗೆ ಹೇಳದಿದ್ದರೆ ಆ ಖಾಲಿ ಕುರ್ಚಿಯಲ್ಲಿ ಗಾಳಿಸುದ್ದಿ ಬಂದು ಕೂರುತ್ತದೆ. ಒಮ್ಮೆ ಕೂತರೆ ಏಳುವುದಿಲ್ಲ. ನಮ್ಮ ದೊಡ್ಡಪ್ಪ ಸಾಯುವವರೆಗೂ ಜಪಾನಿನವರನ್ನೇ ಬಯ್ದರು. ಬಯ್ಯಬೇಕಾದವರು ಆರಾಮವಾಗಿ ಪೆನ್ಷನ್ ತೆಗೆದುಕೊಂಡು ಇಂಗ್ಲೆಂಡಿಗೆ ಹೋಗಿರಬೇಕು.

ಈಗ ಚಿನ್ನದ ವಿಷಯ. ಬ್ಯಾಂಕಿನವನಾದ್ದರಿಂದ ನನ್ನ ಕಣ್ಣು ಅಲ್ಲಿಗೇ ಹೋಯಿತು ಅಂತ ಬೇಕಾದರೆ ಅನ್ನಿ.

ಫೋರ್ಟ್ ಸ್ಟಿಕೀನ್‌ನಲ್ಲಿ 31 ಪೆಟ್ಟಿಗೆ ಚಿನ್ನವಿತ್ತು. ಪೆಟ್ಟಿಗೆಗೆ ನಾಲ್ಕರಂತೆ 124 ಗಟ್ಟಿ, ಒಂದೊಂದೂ ಸುಮಾರು ಹನ್ನೆರಡೂವರೆ ಕಿಲೋ. ಯುದ್ಧದ ಖರ್ಚಿಗಾಗಿ ಸರ್ಕಾರ ನೋಟು ಹೊರಡಿಸುತ್ತಲೇ ಇತ್ತು. 1939ರಿಂದ 1945ರ ಒಳಗೆ ಚಲಾವಣೆಯ ನೋಟು ಸುಮಾರು ಆರು ಪಟ್ಟಾಯಿತು. ನೋಟು ಹೆಚ್ಚಿದರೆ ಬೆಲೆ ಏರುತ್ತದೆ, ರೂಪಾಯಿಯ ಮೇಲೆ ಜನರ ನಂಬಿಕೆ ಇಳಿಯುತ್ತದೆ. ಅದಕ್ಕೆ 1943ರಿಂದ ಮಿತ್ರರಾಷ್ಟ್ರಗಳು ರಿಸರ್ವ್ ಬ್ಯಾಂಕಿನ ಮೂಲಕ ಇಲ್ಲಿ ಚಿನ್ನ ಮಾರತೊಡಗಿದವು. ಜನ ಚಿನ್ನ ಕೊಂಡರೆ ನೋಟು ವಾಪಸು ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಈ ಹಡಗಿನ ಚಿನ್ನವೂ ರೂಪಾಯಿಯನ್ನು ನಿಲ್ಲಿಸುವುದಕ್ಕೆಂದೇ ಬಂದದ್ದು.

ಸ್ಫೋಟದಲ್ಲಿ ಆ ಗಟ್ಟಿಗಳು ಊರಿಗೆ ಊರೇ ಹಾರಿದವು. ಸುಮಾರು ಒಂದು ಮೈಲಿ ದೂರದಲ್ಲಿದ್ದ ಪಾರ್ಸಿ ಹಿರಿಯರೊಬ್ಬರ ಮನೆಗೆ ಒಂದು ಗಟ್ಟಿ ಬಂದು ಬಿತ್ತು. ಆ ಪುಣ್ಯಾತ್ಮರು ಅದನ್ನು ಹಾಗೆಯೇ ತೆಗೆದುಕೊಂಡು ಹೋಗಿ ಅಧಿಕಾರಿಗಳಿಗೆ ಒಪ್ಪಿಸಿದರು. 'ಚಿನ್ನವೂ ಬಿತ್ತು' ಅಂದ ದೊಡ್ಡಪ್ಪನನ್ನು ನಗಾಡಿದ ನಾವೇ ಪೆದ್ದರು. ಮುಂದೆ ಚಿನ್ನದ ಬಹುಪಾಲು ಸಿಕ್ಕಿತು. 1970ರ ದಶಕದವರೆಗೂ ಹೂಳೆತ್ತುವಾಗ ಗಟ್ಟಿಗಳು ಸಿಕ್ಕಿದ್ದುಂಟು. ಸಿಕ್ಕಿದ್ದನ್ನು ಲೆಕ್ಕ ಬರೆದು, ಬ್ರಿಟಿಷ್ ಸರ್ಕಾರಕ್ಕೆ ಮುಟ್ಟಿಸಿದ್ದೂ ಆಯಿತು. ಮೂವತ್ತು ವರ್ಷ ಬಿಟ್ಟರೂ ಖಾತೆ ತೆರೆದೇ ಇತ್ತು ನೋಡಿ! ನಮ್ಮ ಸ್ಟ್ರಾಂಗ್ ರೂಮಿನಲ್ಲಿ ಒಂದು ಕಟ್ಟು ಕಡಿಮೆ ಬಂದರೆ ಟ್ಯಾಲಿ ಆಗುವವರೆಗೂ ಯಾರೂ ಮನೆಗೆ ಹೋಗುವಂತಿಲ್ಲ. ಹಾಗೆಯೇ.

ಸರಿ, ಮನುಷ್ಯರ ಖಾತೆ?

ಅಗ್ನಿಶಾಮಕ ದಳದ 66 ಜನ ಸತ್ತರು. ಆ ಲೆಕ್ಕ ಖಚಿತ. ಬೈಕಲಾದ ಅಗ್ನಿಶಾಮಕ ದಳದ ಕೇಂದ್ರದಲ್ಲಿ ಅವರ ಸ್ಮಾರಕವಿದೆ. ಅವರ ನೆನಪಿಗೇ ದೇಶದಾದ್ಯಂತ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ. ಅದು ಆಗಲೇಬೇಕಾದ ಗೌರವ. ಓಡಿಹೋಗಬಹುದಿತ್ತು, ಹೋಗಲಿಲ್ಲ, ಪೈಪು ಹಿಡಿದೇ ಸತ್ತರು. ಅಗ್ನಿಶಾಮಕ ದಳವೂ ಸೇರಿ ಡಾಕಿನ ವಿವಿಧ ಸೇವೆಗಳಿಗೆ ಸೇರಿದ 231 ಜನ ಸತ್ತರೆಂಬ ಲೆಕ್ಕವೂ ಉಂಟು. ಅದರಾಚೆಗೆ? 'ಐನೂರಕ್ಕೂ ಹೆಚ್ಚು ನಾಗರಿಕರು'. ಒಟ್ಟು ಎಷ್ಟು? 'ಎಂಟು ನೂರರಿಂದ ಸಾವಿರದ ಮುನ್ನೂರು'.

ಎಂಟು ನೂರರಿಂದ ಸಾವಿರದ ಮುನ್ನೂರು! ನಡುವಿನ ಐನೂರು ಜನ ಇದ್ದರೋ ಇಲ್ಲವೋ ಅನ್ನುವುದೇ ತೀರ್ಮಾನವಾಗಿಲ್ಲ. 124ರಲ್ಲಿ ಒಂದು ಗಟ್ಟಿ ಹೆಚ್ಚು ಕಡಿಮೆಯಾದರೆ ಮೂವತ್ತು ವರ್ಷ ಹುಡುಕುವ ವ್ಯವಸ್ಥೆ, ಐನೂರು ಜನರ ವ್ಯತ್ಯಾಸವನ್ನು 'ಸುಮಾರು' ಅಂತ ಬರೆದು ಪುಸ್ತಕ ಮುಚ್ಚಿತು. ನಮ್ಮ ಬ್ಯಾಂಕಿನಲ್ಲಿ ಹೀಗೆ 'ಸುಮಾರು' ಅಂತ ಎಂಟ್ರಿ ಹಾಕಿದರೆ ನನ್ನ ಕೆಲಸ ಅಂದೇ ಹೋಗುತ್ತದೆ.

ಇದಕ್ಕೆ ಕಾರಣವೂ ಇದೆ. ಆಗ ಡಾಕಿನ ಬಹುಪಾಲು ಕೂಲಿಗಳು ಯಾರ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ತೋಲಿವಾಲಾ ಎಂಬ ಮೇಸ್ತ್ರಿ ಬೆಳಿಗ್ಗೆ ಬಂದು ನೀನು ಬಾ, ನೀನು ಬಾ ಅಂತ ಕೈ ತೋರಿಸುತ್ತಿದ್ದ. ಆರಿಸಿದವನಿಗೆ ಅಂದಿನ ಕೂಲಿ. ಸಂಜೆಗೆ ಸಂಬಂಧ ಮುಗಿಯಿತು. ಹೆಸರು ಬರೆಯದವನು ಸತ್ತರೆ ಹೆಸರು ಹೊಡೆದುಹಾಕುವ ಕಷ್ಟವೂ ಇಲ್ಲ! ಡಾಕ್ ಕಾರ್ಮಿಕರನ್ನು ನೋಂದಾಯಿಸಿ ಕೆಲಸ ಹಂಚುವ ಕಾನೂನು ಬಂದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಡಾಕ್ ಕಾರ್ಮಿಕರ ಹಕ್ಕಿಗಾಗಿ ಹೋರಾಡಿದವರಲ್ಲಿ ದೊಡ್ಡ ಹೆಸರು ನಮ್ಮ ಮಂಗಳೂರು ಕಡೆಯ ಪ್ಲಾಸಿಡ್ ಡಿಮೆಲ್ಲೊ ಅವರದ್ದು. ಸಿಎಸ್‌ಟಿಯ ಹಿಂದಿನ ಪಿ. ಡಿಮೆಲ್ಲೊ ರಸ್ತೆ ಅಂದರೆ ಅವರೇ. ಆ ರಸ್ತೆಯಿಂದ ಊರಿನ ಬಸ್ಸು ಹಿಡಿದ ನಮ್ಮವರೆಷ್ಟೋ ಜನ, ಡಿಮೆಲ್ಲೊ ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಪರಿಹಾರ ಕೊಡಲಿಲ್ಲವೇ ಅಂದರೆ, ಕೊಟ್ಟರು. ಹೊಣೆ ತಮ್ಮದೆಂದು ಸರ್ಕಾರ ಒಪ್ಪಿತು. ಅದೇ 1944ರಲ್ಲಿ ಬಾಂಬೆ ಎಕ್ಸ್‌ಪ್ಲೋಷನ್ ಕಾಂಪೆನ್ಸೇಶನ್ ಆರ್ಡಿನೆನ್ಸ್ ಬಂತು. ಅರ್ಜಿ ಹಾಕಿದವರಿಗೆ ದುಡ್ಡು ಸಿಕ್ಕಿತು. ಆದರೆ ಅರ್ಜಿ ಅಂದರೆ ಏನು ಅಂತ ನನಗೆ ಗೊತ್ತು. ಕಾಗದ ಬೇಕು. ಬಾಡಿಗೆ ರಸೀದಿ, ಪಾಲಿಸಿ, ಗೋದಾಮಿನ ಚೀಟಿ, ಯಾರದಾದರೂ ಸಹಿ. ಗೋದಾಮಿನ ಯಜಮಾನನ ಹತ್ತಿರ ಇದೆಲ್ಲ ಇರುತ್ತದೆ. ಹೋಟೆಲ್ ಬೆಂಚಿನ ಮೇಲೆ ಮಲಗುವ ಹುಡುಗನ ಹತ್ತಿರ ಎಂತ ಇರುತ್ತದೆ?

ದೊಡ್ಡಪ್ಪನ ಕಥೆಯಲ್ಲಿ ಅವನೊಬ್ಬ ಇದ್ದ. ಅದೇ ಹೋಟೆಲಿನವನು, ದೊಡ್ಡಪ್ಪನಿಗಿಂತ ಒಂದೆರಡು ವರ್ಷ ದೊಡ್ಡವನು, ಕುಂದಾಪುರ ಕಡೆಯವನು. ಅಂಗಡಿ, ಗೋದಾಮುಗಳಿಗೆ ಚಹಾ ಕೊಂಡುಹೋಗುವುದು ಅವನ ಕೆಲಸ. ಅಂದು ಮಧ್ಯಾಹ್ನ ಮೂರೂವರೆಯ ಚಹಾ ಹಿಡಿದು ಡಾಕ್ ಕಡೆ ಹೋದವನು ಬರಲಿಲ್ಲ. "ಮೂರು ದಿನ ಅವನ ಪೆಟ್ಟಿಗೆ ನಾನು ಕಾದೆ ಮಾರಾಯ. ಮತ್ತೆ ಆ ಹೋಟೆಲೂ ಇರಲಿಲ್ಲ, ನಾವೆಲ್ಲ ಒಬ್ಬೊಬ್ಬ ಒಂದೊಂದು ದಿಕ್ಕಿಗೆ ಹೋದೆವು." ಇಷ್ಟು ಹೇಳಿ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಆ ಹುಡುಗ ಯಾವ ಲೆಕ್ಕದಲ್ಲಿ ಬಂದಾನು? ಡಾಕಿನ ಸೇವೆಯವನಲ್ಲ, ಅಗ್ನಿಶಾಮಕನಲ್ಲ. ಎಂಟು ನೂರರಲ್ಲಿ ಇದ್ದಾನೋ, ಸಾವಿರದ ಮುನ್ನೂರರಲ್ಲಿ ಇದ್ದಾನೋ ದೇವರಿಗೇ ಗೊತ್ತು.

ಇಲ್ಲಿ ನಿಜವಾದ ಒಂದು ಜಪಾನ್ ಹಡಗಿನ ವಿಷಯವನ್ನೂ ಹೇಳಬೇಕು. ಹೆಸರು ಬುಯೋ ಮಾರು. ಅದೂ ಯುದ್ಧಕ್ಕೆ ಸೇರಿದ ಸಾಮಾನು ಹಡಗು. 1943ರ ಜನವರಿ 26ರಂದು ನ್ಯೂಗಿನಿಯ ಉತ್ತರದ ಸಮುದ್ರದಲ್ಲಿ ಅಮೆರಿಕದ 'ವಾಹೂ' ಎಂಬ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ನೀರಿಗೆ ಬಿದ್ದವರ ದೋಣಿಗಳ ಮೇಲೂ ಗುಂಡು ಹಾರಿಸಿತು. ಶತ್ರು ಸೈನಿಕರೆಂದೇ ಅಮೆರಿಕನ್ನರ ಎಣಿಕೆ. ಆದರೆ ಆ ಹಡಗಿನಲ್ಲಿ ಜಪಾನಿನವರು ಸೆರೆಹಿಡಿದಿದ್ದ 491 ಭಾರತೀಯ ಸೈನಿಕರೂ ಇದ್ದರು. ಅವರಲ್ಲಿ 195 ಜನ ಸತ್ತರು. ಬ್ರಿಟಿಷರ ಪರವಾಗಿ ಹೋಗಿ, ಜಪಾನಿನವರ ಹಡಗಿನಲ್ಲಿ, ಅಮೆರಿಕದವರ ಕೈಯಲ್ಲಿ ಸಾವು! ಆ ಹಡಗಿನಲ್ಲೂ ಸರಕು ಏನು ಅಂತ ಹೊರಗಿನವರಿಗೆ ಗೊತ್ತಿರಲಿಲ್ಲ. ಈ ಹಡಗಿನಲ್ಲೂ ಗೊತ್ತಿರಲಿಲ್ಲ. ಬಾವುಟ ಯಾವುದೇ ಇರಲಿ, ಹೊಟ್ಟೆಯಲ್ಲಿ ಏನಿದೆ ಎಂದು ಹೇಳದ ಹಡಗು ಬಡವನನ್ನೇ ಮೊದಲು ಕೊಲ್ಲುತ್ತದೆ. ಆದರೂ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ 491, 195 ಅಂತ ಬಿಡಿ ಸಂಖ್ಯೆ ಸಿಗುತ್ತದೆ. ಪಲ್ಟನ್ನಿನ ಪಟ್ಟಿಯಲ್ಲಿ ಅವರ ಹೆಸರಿತ್ತಲ್ಲ, ಅದಕ್ಕೆ.

ಹಳೆಯ ಕಥೆ, ಈಗ ಯಾಕೆ ಅನ್ನುತ್ತೀರಾ?

2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ಹಡಗು ತಂದಿಳಿಸಿದ ಸರಕು ವರ್ಷಗಟ್ಟಲೆ ಊರಿನ ಮಗ್ಗುಲಲ್ಲೇ ಇತ್ತು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳೊಂದಿಗೆ ಮುಳುಗಿತು. ಅದರಲ್ಲಿ 13ರಲ್ಲಿ ಅಪಾಯದ ಸರಕು. ಎರಡು ವಾರ ಕಳೆದು ಜೂನ್ 9ಕ್ಕೆ ಕೇರಳದ ಕರಾವಳಿಯಾಚೆ ವಾನ್ ಹೈ 503 ಹತ್ತಿ ಉರಿಯಿತು. ಅದು ಕೊಲಂಬೋದಿಂದ ಎಲ್ಲಿಗೆ ಬರುತ್ತಿತ್ತು ಗೊತ್ತೇ? ನಮ್ಮ ನಾವಾ ಶೇವಾಕ್ಕೆ. ದಡದ ಮೀನುಗಾರರು ಕೇಳಿದ್ದು ಒಂದೇ ಪ್ರಶ್ನೆ: ಒಳಗೆ ಏನಿದೆ? ನಮ್ಮ ಮಲ್ಪೆ, ಗಂಗೊಳ್ಳಿಯವರೂ ನಾಳೆ ಕೇಳಬೇಕಾದ ಪ್ರಶ್ನೆ ಅದೇ. ಇನ್ನು ಹಾಜರಿ ಪುಸ್ತಕದ ವಿಷಯಕ್ಕೆ ಬಂದರೆ, ತೋಲಿವಾಲಾ ಹೋದ, ಕಂತ್ರಾಟುದಾರ ಬಂದ. ನಮ್ಮ ಬ್ಯಾಂಕುಗಳಲ್ಲೇ ಕಾವಲುಗಾರ, ಕಸ ಗುಡಿಸುವವಳು, ನಗದು ಗಾಡಿಯ ಡ್ರೈವರ್ ಯಾರೂ ನಮ್ಮ ಪಟ್ಟಿಯಲ್ಲಿಲ್ಲ. ನಾನೇನು ಊರಿಗೆ ಉಪದೇಶ ಮಾಡುವಷ್ಟು ದೊಡ್ಡವನಲ್ಲ, ನಮ್ಮ ಮನೆಯ ಅಂಗಳದ ಕಸವನ್ನೇ ಹೇಳಿದೆ.

ಆ ವಿಕ್ಟೋರಿಯಾ ಡಾಕ್ ಈಗ ನೀರಿನ ಡಾಕ್ ಆಗಿ ಉಳಿದಿಲ್ಲ. ಕಂಟೇನರ್ ಯೋಜನೆಗಾಗಿ ತುಂಬಿಸಿಬಿಟ್ಟರು. ಈಸ್ಟರ್ನ್ ಫ್ರೀವೇಯಲ್ಲಿ ಕೋಟೆ ಕಡೆ ಹೋಗುವಾಗ ಎಡಗಡೆ ನೋಡಿದರೆ ಕ್ರೇನು, ಗೋದಾಮು ಕಾಣುತ್ತದೆ. ಅಲ್ಲಿ ಹೀಗಾಯಿತು ಅಂತ ಹೇಳಲು ನೀರೂ ಇಲ್ಲ.

ನನ್ನದೊಂದು ಮಾತು. ಮುಂಬೈಯಲ್ಲಿ ನಮ್ಮವರ ಸಂಘ ಸಂಸ್ಥೆಗಳಿಗೆ ಬರವಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮೈಸೂರು ಅಸೋಸಿಯೇಷನ್ 1926ರದ್ದು. ಬಂಟರ ಸಂಘ ಮರುವರ್ಷದ್ದು. ಬಿಲ್ಲವರ ಸಂಸ್ಥೆ ನಮ್ಮ ಸಾಂತಾಕ್ರೂಜಿನಲ್ಲೇ ಭವನ ಕಟ್ಟಿಕೊಂಡಿದೆ. ಕಲಿನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ನಾವು ಅಮೃತ ಮಹೋತ್ಸವ, ಶತಮಾನೋತ್ಸವ ಮಾಡುತ್ತೇವೆ, ದಪ್ಪ ಸ್ಮರಣ ಸಂಚಿಕೆ ತರುತ್ತೇವೆ, ಅದರ ತುಂಬ ದಾನಿಗಳ ಫೋಟೋ ಹಾಕುತ್ತೇವೆ. ತಪ್ಪಲ್ಲ, ದುಡ್ಡು ಕೊಟ್ಟವರ ಹೆಸರು ಬರಲಿ. ಆದರೆ ಯಾರಾದರೂ ಒಮ್ಮೆ 1944ರ ಏಪ್ರಿಲ್, ಮೇ ತಿಂಗಳ ಹಳೆಯ ನಡಾವಳಿ ಪುಸ್ತಕ, ಖರ್ಚಿನ ಪುಸ್ತಕ ಉಳಿದಿದ್ದರೆ ಬಿಡಿಸಿ ನೋಡಲಿ. ಊರಿಗೆ ಕಳಿಸಿದ ಒಂದು ಟಿಕೇಟಿನ ಖರ್ಚು, ಒಂದು ಶವಸಂಸ್ಕಾರದ ಖರ್ಚು, ರಾತ್ರಿ ಶಾಲೆಗೆ ಬಾರದೆ ಹೋದ ಒಂದು ಹೆಸರು ಸಿಕ್ಕೀತು. ಕನ್ನಡ ವಿಭಾಗದ ಒಬ್ಬ ವಿದ್ಯಾರ್ಥಿ ಅದನ್ನೇ ಹಿಡಿದು ಕೆಲಸ ಮಾಡಲಿ. ಐನೂರರ ವ್ಯತ್ಯಾಸದಲ್ಲಿ ಐದು ಹೆಸರು ಸಿಕ್ಕಿದರೂ ಐದು ಎಂಟ್ರಿ ಸರಿಯಾದ ಹಾಗೆ.

ಮತ್ತು ನಿಮ್ಮ ಮನೆಯಲ್ಲೂ ಇಂಥ 'ಜಪಾನ್ ಹಡಗಿನ ಕಥೆ' ಇದ್ದರೆ, ಹೇಳಿದವರ ಊರು, ಹೋಟೆಲು, ಬೀದಿ, ಜೊತೆಗಿದ್ದವರ ಹೆಸರು ಬರೆದಿಡಿ. ಅದರಲ್ಲಿ ತಪ್ಪಿದ್ದರೂ ಪರವಾಗಿಲ್ಲ, ತಪ್ಪು ಯಾಕಾಯಿತು ಅನ್ನುವುದರಲ್ಲೂ ಒಂದು ನಿಜ ಇರುತ್ತದೆ. ಆ ತಲೆಮಾರಿನವರು ಈಗ ಉಳಿದಿರುವುದೇ ಬೆರಳೆಣಿಕೆ. ನಾಳೆಗೆ ಇಡಬೇಡಿ.

ಇದನ್ನು ಹೇಳುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ. ಯಾಕೆಂದರೆ ಚಹಾ ಹಿಡಿದು ಹೋದ ಆ ಹುಡುಗನ ಹೆಸರನ್ನು ದೊಡ್ಡಪ್ಪ ಪ್ರತಿ ಸಲವೂ ಹೇಳುತ್ತಿದ್ದರು. ಹತ್ತಿಪ್ಪತ್ತು ಸಲ ಕೇಳಿದ್ದೇನೆ. ಈಗ ನೆನಪಿಲ್ಲ. ಜೀವಮಾನವಿಡೀ ಇನ್ನೊಬ್ಬರ ಹೆಸರು, ಖಾತೆ ನಂಬರು ತಪ್ಪಿಲ್ಲದೆ ಬರೆದವನು ನಾನು. ಅದೊಂದನ್ನು ಬರೆದುಕೊಳ್ಳಲಿಲ್ಲ.